ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುವುದು ಹೇಗೆ? ಪಾಸ್ಟರೇ ಮಾಡಬೇಕೇ?

ಮಕ್ಕಳಿಗೆ, ಕಾಯಿಲೆಯವರಿಗೆ ಯಾವ ವಿಶ್ವಾಸಿಯಾದರೂ ಕೈಯಿಟ್ಟು ಪ್ರಾರ್ಥಿಸಬಹುದು. ದೀಕ್ಷೆಯ, ಅಂದರೆ ಒಬ್ಬರನ್ನು ಸಭೆಯ ಸೇವೆಗೆ ನೇಮಿಸುವ ವಿಧಿಯ, ಮಾತು ಬೇರೆ. ಕಥೋಲಿಕ ಗುರುದೀಕ್ಷೆಯಲ್ಲಿ (ಪಾದ್ರಿಯಾಗಿ ನೇಮಿಸುವಾಗ) ಬಿಷಪರು ಒಂದು ಮಾತೂ ಆಡದೆ ಎರಡೂ ಕೈಗಳನ್ನು ಅಭ್ಯರ್ಥಿಯ ತಲೆಯ ಮೇಲಿಡುತ್ತಾರೆ. ಹಾಜರಿರುವ ಗುರುಗಳೂ ಒಬ್ಬೊಬ್ಬರಾಗಿ ಬಂದು ಹಾಗೇ ಮಾಡುತ್ತಾರೆ. ದೀಕ್ಷಾ ಪ್ರಾರ್ಥನೆ ಆಮೇಲೆ. ‘ಅವಸರದಿಂದ ಯಾರ ಮೇಲೂ ಕೈಯಿಡಬೇಡ’ ಎಂದು ಬೈಬಲಿನ ಪತ್ರದಲ್ಲಿ ಸಭೆಯ ಯುವ ನಾಯಕ ತಿಮೊಥೆಯನಿಗೆ ಬರೆದದ್ದು (1 ತಿಮೊಥೆಯ 5:22) ಬಹುತೇಕ ಇಂಥ ನೇಮಕಾತಿಯ ಬಗ್ಗೆಯೇ.

ಮನೆಯಲ್ಲಾದರೆ ಮೊದಲು ಅನುಮತಿ ಕೇಳಿ, ಏನು ಬೇಡಬೇಕೆಂದೂ ಕೇಳಿ. ಅವರನ್ನು ಕೂರಿಸಿ, ಅಂಗೈಯನ್ನು ತಲೆ ಅಥವಾ ಭುಜದ ಮೇಲೆ ಹಗುರವಾಗಿಡಿ. ತೋಳಿನ ಭಾರವೆಲ್ಲ ಬಿಟ್ಟರೆ ಕುತ್ತಿಗೆ ನೋಯುತ್ತದೆ. ನೋವಿರುವ ಅಥವಾ ಆಪರೇಷನ್ ಆದ ಜಾಗ ಮುಟ್ಟಬೇಡಿ. ಹೆಸರು ಹಿಡಿದು, ಅವರು ಹೇಳಿದ್ದನ್ನೇ ದೇವರ ಮುಂದಿಟ್ಟು, ಒಂದೆರಡು ನಿಮಿಷದಲ್ಲಿ ಯೇಸುವಿನ ಹೆಸರಿನಲ್ಲಿ ಆಮೆನ್ ಹೇಳಿ.

ಹಣೆ ಒತ್ತಿ ಹಿಂದಕ್ಕೆ ತಳ್ಳುವುದು ದೊಡ್ಡ ತಪ್ಪು. ವಯಸ್ಸಾದವರು ಬಿದ್ದು ಮೂಳೆ ಮುರಿದುಕೊಂಡಾರು. ಕೈಯಲ್ಲೇ ಶಕ್ತಿಯಿದೆ ಎಂದುಕೊಂಡು ಮಂತ್ರವಾದಿ ಸಿಮೋನನು ಆ ಅಧಿಕಾರಕ್ಕೆ ಹಣ ಕೊಡಲು ಬಂದಾಗ ಯೇಸುವಿನ ಶಿಷ್ಯ ಪೇತ್ರನು ಗದರಿಸಿದ (ಅಪೊಸ್ತಲರ ಕೃತ್ಯಗಳು 8). ಆದ್ದರಿಂದ ಪ್ರಾರ್ಥನೆಗೆ ಕಾಣಿಕೆ ಕೇಳುವವರಿಂದ ದೂರವಿರಿ. ಮಾತ್ರೆ ನಿಲ್ಲಿಸಿ ಎಂದು ಯಾರಿಗೂ ಹೇಳಬೇಡಿ.