ಜಿ ಕೋಡ್‌ಗಿಂತ ಮುಂಚೆ ಮೈಕ್ರೋಮೀಟರ್ ಕೊಡಿ

ನೀವು ಕೇಳಿರುವುದು ಇಷ್ಟು: ಈ ಸೆಮಿಸ್ಟರ್‌ನಿಂದ ಮೆಕ್ಯಾನಿಕಲ್ ವಿಭಾಗದ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಮಶೀನ್) ಲ್ಯಾಬ್ ನಿಮ್ಮ ತಲೆಗೆ ಬಂದಿದೆ. ಇರುವುದು ಒಂದೇ ಟ್ರೇನರ್ ಲೇತ್, ವಿದ್ಯಾರ್ಥಿಗಳು ಅರವತ್ತು ಜನ. ಮಶೀನ್‌ಗೆ ಕೊಡುವ ಆಜ್ಞೆಗಳಾದ ಜಿ ಕೋಡ್, ಎಂ ಕೋಡ್ ಹೇಳಿಕೊಟ್ಟು ಕಂಪ್ಯೂಟರಿನಲ್ಲಿ ಸಿಮ್ಯುಲೇಷನ್ ತೋರಿಸಿದರೆ ಸಾಕಾ, ಇಲ್ಲ ಇನ್ನೇನಾದರೂ ಮಾಡಬೇಕಾ?

ಪರೀಕ್ಷೆಗೆ ಸಾಕು. ಆದರೆ ಆ ಹುಡುಗರು ನಾಳೆ ಕೆಲಸಕ್ಕೆ ಸೇರಿದ ಮೇಲೆ ಅವರನ್ನು ಯಾರೂ ಜಿ02 ಅಂದರೇನು ಅಂತ ಕೇಳುವುದಿಲ್ಲ. ‘ಸೈಜ್ ಯಾಕೆ ಬರ್ತಿಲ್ಲ?’ ಅಂತ ಕೇಳುತ್ತಾರೆ. ನಾನು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಸೆಟ್ಟರ್ (ಮಶೀನ್‌ಗೆ ಟೂಲ್ ಹೊಂದಿಸುವವನು) ಆಗಿದ್ದು ಆಮೇಲೆ ಕಲಿಸುವ ಕಡೆಗೆ ಬಂದವನು. ಡಿಪ್ಲೊಮಾದವರು, ಬಿಇ ಓದುವವರು ಇಬ್ಬರಿಗೂ ಕಲಿಸುತ್ತೇನೆ. ಬಿಇ ಮಕ್ಕಳಿಗೆ ಜಿ71 ಸೈಕಲ್ (ಒರಟು ಕಟ್‌ಗಳನ್ನು ಸಾಲಾಗಿ ತೆಗೆಯುವ ಆಜ್ಞೆ) ಬಾಯಿಪಾಠ ಇರುತ್ತದೆ. ಕೈಯಲ್ಲಿ ಮೈಕ್ರೋಮೀಟರ್ (ದಪ್ಪವನ್ನು ಸೂಕ್ಷ್ಮವಾಗಿ ಅಳೆಯುವ ಉಪಕರಣ) ಕೊಟ್ಟರೆ ಸಿ-ಕ್ಲ್ಯಾಂಪ್ ತಿರುಗಿಸಿದ ಹಾಗೆ ಬಿಗಿ ಮಾಡಿಬಿಡುತ್ತಾರೆ. ತಪ್ಪು ಅವರದ್ದಲ್ಲ ಬಿಡಿ, ಯಾರೂ ಕೈಗೆ ಕೊಟ್ಟೇ ಇರುವುದಿಲ್ಲ.

ಹಾಗಾಗಿ ಮೊದಲ ಕ್ಲಾಸಿನಲ್ಲಿ ಮಶೀನ್ ಆನ್ ಮಾಡಲೇಬೇಡಿ. ಒಂದು ಗ್ರೈಂಡ್ ಮಾಡಿದ ಪಿನ್ ತನ್ನಿ, 30 ಮಿ.ಮೀ. ವ್ಯಾಸದ್ದು. ಡ್ರಾಯಿಂಗ್‌ನಲ್ಲಿ 30 ಎಚ್7 (ಸಣ್ಣ ಅಕ್ಷರದ h) ಅಂತ ಬರೆದಿರಲಿ. ಅಂದರೆ ಮೇಲಿನ ಮಿತಿ 30.000, ಕೆಳಗಿನದು 29.979. ಇಪ್ಪತ್ತೊಂದು ಮೈಕ್ರಾನ್ (0.021 ಮಿ.ಮೀ.) ಜಾಗ, ಅಷ್ಟೇ. ಇದೇ ಟಾಲರೆನ್ಸ್. ಒಂದೇ ಪಿನ್ನನ್ನು ಎಲ್ಲರ ಕೈಯಲ್ಲೂ ಅಳೆಸಿ, ಬಂದ ಅಳತೆಯನ್ನೆಲ್ಲ ಬೋರ್ಡಿನ ಮೇಲೆ ಬರೆಯಿರಿ. ಒಬ್ಬರದು ಇನ್ನೊಬ್ಬರದಕ್ಕೆ ಹೊಂದುವುದಿಲ್ಲ. ಕೆಲವರು ವರ್ನಿಯರ್ ಹಿಡಿದಿರುತ್ತಾರೆ. ಅದರ ಲೀಸ್ಟ್ ಕೌಂಟ್ (ಅಳೆಯಬಲ್ಲ ಅತಿ ಸಣ್ಣ ಅಳತೆ) 0.02, ನಮ್ಮ ಟಾಲರೆನ್ಸ್ 0.021. ಇದರಲ್ಲಿ ಅಳೆದು ಜಾಬ್ (ಮಶೀನ್‌ನಲ್ಲಿ ಮಾಡುವ ತುಂಡು) ಪಾಸೋ ಫೇಲೋ ಹೇಳಲು ಆಗುತ್ತದಾ ಅಂತ ಕೇಳಿ, ಸುಮ್ಮನಿರಿ. ಅವರವರೇ ಜಗಳ ಆಡಿಕೊಂಡು ಉತ್ತರಕ್ಕೆ ಬರುತ್ತಾರೆ. ಈ ಕ್ಲಾಸಿಗೆ ಖರ್ಚೂ ಇಲ್ಲ, ಅರವತ್ತು ಜನರಿದ್ದರೂ ತೊಂದರೆ ಇಲ್ಲ.

ಎರಡನೆಯದು ಆಫ್‌ಸೆಟ್, ಅಂದರೆ ಟೂಲಿನ ಜಾಗಕ್ಕೆ ಕಂಟ್ರೋಲ್‌ನಲ್ಲಿ ಕೊಡುವ ತಿದ್ದುಪಡಿ. ನನ್ನ ಮಟ್ಟಿಗೆ ಇಡೀ ಲ್ಯಾಬಿನ ಪ್ರಾಣ ಇಲ್ಲೇ ಇದೆ. ಅರ್ಧ ಸೆಮಿಸ್ಟರ್ ಇದಕ್ಕೇ ಹೋದರೂ ನಷ್ಟವಿಲ್ಲ.

ಅದೇ 30 ಎಚ್7 ಜಾಬ್ ಹಿಡಿಯಿರಿ. ಪ್ರೋಗ್ರಾಮಿನಲ್ಲಿ ಫಿನಿಶ್ ಸೈಜ್ ಟಾಲರೆನ್ಸಿನ ನಡುವೆ ಇರಲಿ, 29.99. ಈಗ ಫಿನಿಶಿಂಗ್ ಟೂಲಿನ ವೇರ್ ಆಫ್‌ಸೆಟ್‌ನಲ್ಲಿ (ಟೂಲ್ ಸವೆತಕ್ಕೆ ಕೊಡುವ ಸಣ್ಣ ತಿದ್ದುಪಡಿ) ಎಕ್ಸ್‌ಗೆ ಬೇಕಂತಲೇ ಪ್ಲಸ್ 0.30 ಹಾಕಿಸಿ. ಟೂಲ್ ಅಷ್ಟು ಹೊರಗೇ ನಿಲ್ಲುತ್ತದೆ, ಜಾಬ್ ದಪ್ಪ ಬರಬೇಕು. ಎಷ್ಟು ಬರಬಹುದು ಅಂತ ಮೊದಲೇ ಬರೆಸಿ: 30.29. ಓಡಿಸಿ, ಅಳೆಸಿ. 30.33 ಬಂತು ಅಂತಿಟ್ಟುಕೊಳ್ಳಿ. 0.04 ಹೆಚ್ಚು. ಹಾಗಾದರೆ ಕೊನೆಯ ಕಟ್‌ಗೆ ವೇರ್‌ನಲ್ಲಿ ಎಷ್ಟಿರಬೇಕು? ಮೈನಸ್ 0.04. ಕನಿಷ್ಠ ಕೆಲವರಾದರೂ ಎರಡರಿಂದ ಭಾಗಿಸಿ 0.02 ಅನ್ನುತ್ತಾರೆ. ಲೇತಿನಲ್ಲಿ ಎಕ್ಸ್ ಅಂದರೆ ವ್ಯಾಸದ ಲೆಕ್ಕ ಅನ್ನುವುದು ನೂರು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಹೀಗೆ ಒಮ್ಮೆ ಕೈಯಾರೆ ಮಾಡಿದರೆ ಮರೆಯುವುದಿಲ್ಲ.

ಆ 0.04 ಎಲ್ಲಿಂದ ಬಂತು? ಇಲ್ಲಿ ನಿಲ್ಲಿಸಿ ಕೇಳಿ. ಟೂಲ್ ಸೆಟ್ ಮಾಡುವಾಗ ಅಳತೆಯಲ್ಲಿ ಸ್ವಲ್ಪ ಹೋಗಿರಬಹುದು. ಕಟ್ ಆಗುವಾಗ ಜಾಬ್ ಬಾಗಿರಬಹುದು, ಟೂಲ್ ಬಾಗಿರಬಹುದು. ಇನ್ಸರ್ಟ್ (ಟೂಲಿನ ಬದಲಿಸಬಲ್ಲ ಕತ್ತರಿಸುವ ತುದಿ) ಸವೆದಿರಬಹುದು. ಸ್ಕ್ರೂನಲ್ಲಿ ಬ್ಯಾಕ್‌ಲ್ಯಾಶ್ (ಸಡಿಲ) ಇರಬಹುದು. ಇವುಗಳಲ್ಲಿ ಯಾವುದು ಅಂತ ಕಂಡುಹಿಡಿಯುವುದು ಹೇಗೆ ಅನ್ನುವುದೇ ಎಂಜಿನಿಯರಿಂಗ್, ಅಲ್ವಾ? ಟ್ರೇನರ್ ಮಶೀನ್‌ಗಳು ಹಗುರ, ಗಟ್ಟಿತನ ಕಡಿಮೆ. ಅದು ಕೊರತೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ದೊಡ್ಡ ಮಶೀನ್‌ನಲ್ಲಿ ಕಾಣದ ಬಾಗುವಿಕೆ ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಅಲ್ಯೂಮಿನಿಯಂ ರಾಡ್ ಒಂದನ್ನು ಚಕ್‌ನಿಂದ (ಜಾಬ್ ಹಿಡಿದು ತಿರುಗುವ ಭಾಗ) ಜಾಸ್ತಿ ಹೊರಗೆ ಬಿಟ್ಟು, ಟೇಲ್‌ಸ್ಟಾಕ್ (ತುದಿಯ ಆಸರೆ) ಕೊಡದೆ ಸಣ್ಣ ಕಟ್ ತೆಗೆಯಿರಿ. ತುದಿಯಲ್ಲಿ ದಪ್ಪ, ಚಕ್ ಹತ್ತಿರ ತೆಳು ಬರುತ್ತದೆ. ಪ್ರೋಗ್ರಾಮ್ ನೇರವಾಗಿಯೇ ಇತ್ತು, ಟೇಪರ್ ಎಲ್ಲಿಂದ ಬಂತು ಅಂತ ಅವರೇ ಕೇಳಲಿ.

ಬಿಸಿಯ ಲೆಕ್ಕವೂ ಇಲ್ಲೇ ಬರಲಿ. ಉಕ್ಕು ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. ನಮ್ಮ 30 ಮಿ.ಮೀ. ಪಿನ್ ಮಶೀನ್‌ನಿಂದ ತೆಗೆದ ತಕ್ಷಣ 20 ಡಿಗ್ರಿ ಹೆಚ್ಚು ಬಿಸಿ ಇದ್ದರೆ ಏಳು ಮೈಕ್ರಾನ್ ದಪ್ಪ ತೋರಿಸುತ್ತದೆ. ಟಾಲರೆನ್ಸಿನ ಮೂರನೇ ಒಂದು ಭಾಗ ಅಲ್ಲೇ ಮುಗಿಯಿತು. ಬೆಳಗ್ಗೆ ತೆಗೆದ ಮೊದಲ ಪೀಸ್‌ಗೂ ಊಟದ ಹೊತ್ತಿನ ಪೀಸ್‌ಗೂ ಸೈಜ್ ಯಾಕೆ ಬೇರೆ ಅನ್ನುವುದು ಇದರಿಂದಲೇ ಅರ್ಧ ಅರ್ಥವಾಗುತ್ತದೆ. ಉಳಿದರ್ಧ ಟೂಲ್ ಸರಿಸುವ ಬಾಲ್ ಸ್ಕ್ರೂ, ಚಕ್ ತಿರುಗಿಸುವ ಸ್ಪಿಂಡಲ್ ಬಿಸಿಯಾಗುವುದರಿಂದ.

ಇನ್ನು ಕೋಡ್. ಕಲಿಸಬೇಡಿ ಅಂತ ಹೇಳುತ್ತಿಲ್ಲ. ಎಂಟೋ ಹತ್ತೋ ಕೋಡ್ ಗೊತ್ತಿದ್ದರೆ ಶುರು ಮಾಡಬಹುದು, ಉಳಿದದ್ದಕ್ಕೆ ಮ್ಯಾನ್ಯುಯಲ್ ಇದೆ. ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವ ಬದಲು, ಪೆಟ್ಟು ಎಲ್ಲಿ ಬೀಳುತ್ತದೆ ಅನ್ನುವುದನ್ನು ಹೇಳಿ. ದಶಾಂಶ ಚುಕ್ಕಿಯ ವಿಷಯ ತೆಗೆದುಕೊಳ್ಳಿ. ಎಷ್ಟೋ ಫಾನುಕ್ ಕಂಟ್ರೋಲ್‌ಗಳಲ್ಲಿ ‘ಎಕ್ಸ್50’ ಅಂತ ಬರೆದು ಮುಂದೆ ಚುಕ್ಕಿ ಇಡದಿದ್ದರೆ ಅದು 50 ಮಿ.ಮೀ. ಆಗುವುದಿಲ್ಲ, 0.050 ಆಗುತ್ತದೆ. ಅಂದರೆ ಟೂಲ್ ಜಾಬಿನ ನಡುವಿಗೇ ನುಗ್ಗುತ್ತದೆ, ಅದೂ ಜಿ00 ಲೈನ್ ಆಗಿದ್ದರೆ ರಾಪಿಡ್‌ನಲ್ಲಿ, ಅಂದರೆ ಪೂರ್ತಿ ವೇಗದಲ್ಲಿ. ಸೀಮೆನ್ಸ್ ಕಂಟ್ರೋಲ್‌ನಲ್ಲಿ ಅದೇ ಎಕ್ಸ್50 ಅಂದರೆ ಸರಿಯಾಗಿ 50. ಒಂದರಲ್ಲಿ ಕಲಿತು ಇನ್ನೊಂದಕ್ಕೆ ಹೋದವರು ಎಡವುವುದು ಇಲ್ಲಿಯೇ. ಇನ್ನೊಂದು, ಜಿ00 ಯಾವಾಗಲೂ ನೇರ ಗೆರೆಯಲ್ಲಿ ಹೋಗುತ್ತದೆ ಅಂತ ನಂಬಿಸಬೇಡಿ. ಹಲವು ಮಶೀನ್‌ಗಳಲ್ಲಿ ಎರಡೂ ಆ್ಯಕ್ಸಿಸ್ ತಮ್ಮ ತಮ್ಮ ವೇಗದಲ್ಲಿ ಓಡುತ್ತವೆ, ಹತ್ತಿರದ್ದು ಮೊದಲು ಮುಗಿಯುತ್ತದೆ, ದಾರಿ ಮುರಿದ ಗೆರೆಯಾಗುತ್ತದೆ. ಸಿಮ್ಯುಲೇಷನ್‌ನಲ್ಲಿ ನೇರವಾಗಿ ಕಂಡಿದ್ದು ಮಶೀನ್‌ನಲ್ಲಿ ಚಕ್‌ನ ದವಡೆಗೆ ಹೋಗಿ ಬಡಿಯುತ್ತದೆ.

ಜಿ96 (ಕಟಿಂಗ್ ಸ್ಪೀಡ್ ಒಂದೇ ಇರಿಸುವ ಕೋಡ್) ಬಂದಾಗ ಒಂದು ಲೆಕ್ಕ ತಪ್ಪದೆ ಮಾಡಿಸಿ. ಕಟಿಂಗ್ ಸ್ಪೀಡ್ ನಿಮಿಷಕ್ಕೆ 200 ಮೀಟರ್. 50 ಮಿ.ಮೀ. ವ್ಯಾಸದಲ್ಲಿ ಸ್ಪಿಂಡಲ್ ಎಷ್ಟು ತಿರುಗಬೇಕು? ನಿಮಿಷಕ್ಕೆ ಸುಮಾರು 1273 ಸುತ್ತು. 10 ಮಿ.ಮೀ.ಗೆ 6366. ಫೇಸಿಂಗ್ (ಜಾಬಿನ ತುದಿಯ ಮುಖ ಕೊರೆಯುವುದು) ಮಾಡುತ್ತಾ 1 ಮಿ.ಮೀ.ಗೆ ಬಂದಾಗ? ಅರವತ್ತಮೂರು ಸಾವಿರ ದಾಟುತ್ತದೆ. ಕ್ಲಾಸ್ ನಗುತ್ತದೆ. ಆಗ ಜಿ50 ಹಾಕಿ ಸ್ಪಿಂಡಲ್ ವೇಗಕ್ಕೆ ಮಿತಿ ಕಟ್ಟುವುದು ಯಾಕೆ ಅಂತ ಹೇಳಿ. ವೇಗ ಏರಿದಂತೆ ಚಕ್‌ನ ದವಡೆಗಳು ಹೊರಕ್ಕೆ ಎಳೆದುಕೊಳ್ಳುತ್ತವೆ, ಹಿಡಿತ ಕಡಿಮೆಯಾಗುತ್ತದೆ. ಮಿತಿ ಹಾಕದೆ ದೊಡ್ಡ ಜಾಬ್ ಓಡಿಸಿದರೆ ಅದು ಚಕ್‌ನಲ್ಲಿ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಫಿನಿಶ್‌ಗೂ ಇಂಥದೇ ಒಂದು ಸಣ್ಣ ಲೆಕ್ಕ ಇದೆ. ಫೀಡ್‌ನ (ಒಂದು ಸುತ್ತಿಗೆ ಟೂಲ್ ಸರಿಯುವ ದೂರ) ವರ್ಗವನ್ನು ನೋಸ್ ರೇಡಿಯಸ್‌ನ (ಟೂಲ್ ತುದಿಯ ದುಂಡಿನ ತ್ರಿಜ್ಯ) ಎಂಟರಷ್ಟರಿಂದ ಭಾಗಿಸಿದರೆ ಮೇಲ್ಮೈಯ ಏರಿಳಿತದ ಎತ್ತರ ಸುಮಾರಾಗಿ ಸಿಗುತ್ತದೆ. ಸಿಎನ್‌ಎಂಜಿ 120408 ಇನ್ಸರ್ಟ್ ಅಂದರೆ ಕೊನೆಯ 08 ಹೇಳುವುದು 0.8 ರೇಡಿಯಸ್. ಫೀಡ್ 0.2 ಇದ್ದರೆ 6.25 ಮೈಕ್ರಾನ್, 0.1ಕ್ಕೆ ಇಳಿಸಿದರೆ ಸುಮಾರು 1.6. ಫೀಡ್ ಅರ್ಧ ಮಾಡಿದರೆ ಒರಟುತನ ಕಾಲು ಭಾಗಕ್ಕೆ ಇಳಿಯಿತು, ಕಟಿಂಗ್ ಟೈಮ್ ಮಾತ್ರ ಡಬಲ್ ಆಯಿತು. ದುಡ್ಡು ಕೊಡುವವನು ಯಾವುದನ್ನು ಕೇಳುತ್ತಾನೆ? ಮಕ್ಕಳು ಎರಡೂ ಬೇಕು ಅನ್ನುತ್ತಾರೆ. ಗಿರಾಕಿಯೂ ಹಾಗೇ ಅನ್ನುತ್ತಾನೆ.

ಇತಿಹಾಸಕ್ಕೆ ಐದು ನಿಮಿಷ ಸಾಕು. ಹೆಲಿಕಾಪ್ಟರ್ ರೆಕ್ಕೆಗಳ ಬಾಗಿದ ಆಕಾರವನ್ನು ಬಿಂದು ಬಿಂದುವಾಗಿ ಲೆಕ್ಕ ಹಾಕಿ ಕೊರೆಯಬೇಕಿತ್ತು. ಅಮೆರಿಕದ ಜಾನ್ ಪಾರ್ಸನ್ಸ್ ಹಿಡಿದ ಆ ದಾರಿ ಮುಂದೆ ಎಂಐಟಿಗೆ ಹೋಗಿ, 1952ರಲ್ಲಿ ಅಲ್ಲಿ ಪಂಚ್ ಮಾಡಿದ ಟೇಪಿನಿಂದ ಓಡುವ ಮಿಲ್ಲಿಂಗ್ ಮಶೀನ್ ತೋರಿಸಿದರು. ಪ್ರೋಗ್ರಾಮಿನ ಶುರುವಿನಲ್ಲಿ ಶೇಕಡಾ ಚಿಹ್ನೆ ಯಾಕೆ ಅಂತ ಯಾರಾದರೂ ಕೇಳಿದರೆ, ಅದು ಆ ಟೇಪಿನ ಕಾಲದ್ದು. ಟೇಪನ್ನು ಹಿಂದಕ್ಕೆ ಸುತ್ತುವಾಗ ಎಲ್ಲಿ ನಿಲ್ಲಬೇಕು ಅನ್ನುವ ಗುರುತು. ಎಂ30 ಕೂಡ ‘ಮುಗಿಸು, ಟೇಪ್ ಸುತ್ತು’ ಅಂತಲೇ. ಟೇಪ್ ಹೋಯಿತು, ಚಿಹ್ನೆ ಉಳಿಯಿತು.

ಅರವತ್ತು ಜನರ ಸಮಸ್ಯೆಗೆ ಬರೋಣ. ಇಪ್ಪತ್ತು ಜನರ ಬ್ಯಾಚ್ ಮಾಡಿ, ಅದರಲ್ಲೂ ಮಶೀನ್ ಹತ್ತಿರ ನಾಲ್ಕೈದು ಜನರೇ ಇರಲಿ. ಉಳಿದವರಲ್ಲಿ ಒಂದು ಗುಂಪು ಅಳೆಯುತ್ತಿರಲಿ, ಒಂದು ಗುಂಪು ಡ್ರಾಯಿಂಗ್ ನೋಡಿ ಪ್ರೋಸೆಸ್ ಶೀಟ್ ಬರೆಯಲಿ: ಎಲ್ಲಿ ಹಿಡಿಯುವುದು, ಯಾವ ಟೂಲ್ ಮೊದಲು, ತಿರುಗಿಸಿ ಹಿಡಿದಾಗ ಯಾವ ಮುಖವನ್ನು ಆಧಾರ ಮಾಡುವುದು. ಇನ್ನೊಂದು ಗುಂಪು ಕಂಪ್ಯೂಟರಿನಲ್ಲಿ. ಲಿನಕ್ಸ್‌ಸಿಎನ್‌ಸಿ ಉಚಿತ, ಮಶೀನ್ ಇಲ್ಲದೆಯೂ ಸಿಮ್ಯುಲೇಷನ್‌ನಲ್ಲಿ ಓಡುತ್ತದೆ. ಮಿಲ್ಲಿಂಗ್‌ಗೆ ಕ್ಯಾಮೋಟಿಕ್ಸ್ ಇದೆ, ಅದೂ ಉಚಿತ. ಸಾಫ್ಟ್‌ವೇರ್ ಲೈಸೆನ್ಸ್‌ಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಎರಡು ಒಳ್ಳೆಯ ಮೈಕ್ರೋಮೀಟರ್ ಕೊಳ್ಳಿ ಅನ್ನುವುದು ನನ್ನ ಮೊಂಡು ಅಭಿಪ್ರಾಯ. ಡ್ರಾಯಿಂಗ್‌ನಿಂದ ತಾನೇ ಪ್ರೋಗ್ರಾಮ್ ಮಾಡಿಕೊಡುವ ಕ್ಯಾಮ್ ಸಾಫ್ಟ್‌ವೇರ್ ಕೊನೆಯ ವಾರಗಳಿಗೆ ಇಟ್ಟುಕೊಳ್ಳಿ.

ಸುರಕ್ಷತೆಯಲ್ಲಿ ರಾಜಿ ಬೇಡ. ತಿರುಗುವ ಚಕ್ ಹತ್ತಿರ ಗ್ಲೌಸ್ ಹಾಕುವಂತಿಲ್ಲ, ಉದ್ದ ತೋಳು, ಬಿಟ್ಟ ಕೂದಲು, ದುಪಟ್ಟಾ, ಐಡಿ ಕಾರ್ಡ್ ದಾರ ಯಾವುದೂ ಇಲ್ಲ. ಕೈಯಿಂದ ಬಿಗಿಯುವ ಚಕ್ ಆದರೆ ಚಕ್ ಕೀ ಅಲ್ಲೇ ಬಿಟ್ಟು ಬರುವಂತಿಲ್ಲ. ಹೊಸ ಪ್ರೋಗ್ರಾಮ್ ಮೊದಲ ಸಲ ಓಡುವಾಗ ಸಿಂಗಲ್ ಬ್ಲಾಕ್ (ಒಂದೊಂದೇ ಸಾಲು ಓಡಿಸುವುದು) ಆನ್, ರಾಪಿಡ್ ಕಡಿಮೆ, ಒಂದು ಕೈ ಫೀಡ್ ಓವರ್‌ರೈಡ್ (ಫೀಡ್ ಇಳಿಸುವ ಗುಂಡಿ) ಮೇಲೆ. ಬಾಗಿಲು ತೆರೆದಾಗ ಮಶೀನ್ ಓಡದಂತೆ ತಡೆಯುವ ಇಂಟರ್‌ಲಾಕ್ ಬೈಪಾಸ್ ಮಾಡಿದ ಮಶೀನ್‌ನಲ್ಲಿ ಕಲಿಸಲೇಬೇಡಿ.

ಬೆಂಗಳೂರಿನ ಆಸುಪಾಸಿನವರಾದರೆ ನಿಮಗೆ ಅನುಕೂಲ ಜಾಸ್ತಿ. ಎಚ್‌ಎಂಟಿ 1953ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದಾಗಿನಿಂದ ಈ ಭಾಗಕ್ಕೆ ಮಶೀನ್ ಟೂಲ್ ಕೆಲಸ ಹೊಸದಲ್ಲ. ತುಮಕೂರು ರಸ್ತೆಯಲ್ಲಿ ಸಿಎಂಟಿಐ (ಮಶೀನ್ ಟೂಲ್ ಸಂಶೋಧನಾ ಸಂಸ್ಥೆ) ಇದೆ, ಹಲವು ಊರುಗಳಲ್ಲಿ ಜಿಟಿಟಿಸಿ (ಸರ್ಕಾರಿ ಟೂಲ್ ತರಬೇತಿ ಕೇಂದ್ರ) ಇದೆ. ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ ಮಶೀನ್ ಟೂಲ್‌ಗಳ ಪ್ರದರ್ಶನ ಇಮ್‌ಟೆಕ್ಸ್ ನಡೆದಾಗ ಮಕ್ಕಳನ್ನು ಕರೆದುಕೊಂಡು ಹೋಗಿ, ಆದರೆ ಬರೀ ಚೀಲ ತುಂಬ ಬ್ರೋಷರ್ ತರಲು ಬಿಡಬೇಡಿ. ಪೀಣ್ಯದ ಒಂದು ಸಣ್ಣ ಶಾಪ್‌ನಲ್ಲಿ ಅರ್ಧ ದಿನ ಸೆಟ್ಟರ್ ಪಕ್ಕ ನಿಲ್ಲಿಸಿದರೆ ಅದಕ್ಕಿಂತ ಹೆಚ್ಚು ಕಲಿಯುತ್ತಾರೆ.

ಪರೀಕ್ಷೆಗೆ ನಾನು ಪ್ರೋಗ್ರಾಮ್ ಬರೆಯಲು ಕೊಡುವುದು ಕಡಿಮೆ. ಸರಿಯಾದ ಪ್ರೋಗ್ರಾಮ್, ರಿಜೆಕ್ಟ್ ಆದ ಜಾಬ್, ಆಫ್‌ಸೆಟ್ ಪೇಜಿನ ಫೋಟೋ, ಈ ಮೂರನ್ನು ಮುಂದಿಟ್ಟು ಏನಾಗಿದೆ ಅಂತ ಕೇಳುತ್ತೇನೆ. ಉತ್ತರ ತಪ್ಪಾಗಿದ್ದರೂ, ಮೊದಲು ಜಾಬ್ ಕೈಗೆತ್ತಿಕೊಂಡು ಅಳೆದವರಿಗೆ ಒಂದೆರಡು ಅಂಕ ಜಾಸ್ತಿ.

ನಿಮ್ಮ ಟ್ರೇನರ್‌ನಲ್ಲಿ ಯಾವ ಕಂಟ್ರೋಲ್ ಇದೆ ಅಂತ ನೀವು ಬರೆದಿಲ್ಲ. ತಿಳಿಸಿದರೆ ವೇರ್ ಪೇಜ್ ಎಲ್ಲಿರುತ್ತದೆ, ಚುಕ್ಕಿಯನ್ನು ಅದು ಹೇಗೆ ಓದುತ್ತದೆ ಅನ್ನುವುದನ್ನು ಸೇರಿಸಿ ಬರೆಯುತ್ತೇನೆ.