ಮಾತೊರ್ ಲೇಖನದ ಎರಡು ವಾಕ್ಯಗಳು

ನಮಸ್ಕಾರ,

ಸೈಬೀರಿಯಾದ ಸಮೊಯೆಡ್ ಭಾಷಾ ಬಳಗಕ್ಕೆ ಸೇರಿದ, ಈಗ ಅಳಿದುಹೋದ ಮಾತೊರ್ ಭಾಷೆಯ ಮೇಲಿನ ನಿಮ್ಮ ಲೇಖನ ಓದಿದೆ. ವಿಷಯ ಒಳ್ಳೆಯದು, ಬರವಣಿಗೆ ಸಲೀಸಾಗಿದೆ. ಆದರೆ ಎರಡು ವಾಕ್ಯಗಳು ನನ್ನನ್ನು ಕೆರಳಿಸಿದವು. ಅವು ಹೀಗೇ ಇದ್ದರೆ ಅಚ್ಚಿಗೆ ಕೊಡಲಾರೆ.

"ದಕ್ಷಿಣ ಸಮೊಯೆಡ್ ಎಂಬ ಮೂಲಭಾಷೆಯಿಂದ ಸೆಲ್ಕುಪ್, ಕಮಾಸ್, ಮಾತೊರ್ ಕವಲೊಡೆದವು." ಅಂಥ ಮೂಲಭಾಷೆ ಇತ್ತೆಂದು ತೋರಿಸಿದವರು ಯಾರು? ಹಳೆಯ ಪುಸ್ತಕಗಳಲ್ಲಿ ಈ ಗುಂಪು ಇದೆ, ನಿಜ. ಆದರೆ 1997ರಲ್ಲಿ ಮಾತೊರ್ ಬಗ್ಗೆ ದೊಡ್ಡ ಗ್ರಂಥ ತಂದ ಭಾಷಾಶಾಸ್ತ್ರಜ್ಞ ಹೆಲಿಮ್‌ಸ್ಕಿ ಅದನ್ನು ವಂಶದ ಕವಲೆಂದು ಒಪ್ಪಲಿಲ್ಲ. 'ದಕ್ಷಿಣ' ಎನ್ನುವುದು ಭೂಪಟದ ಮಾತು, ಅಷ್ಟೆ. 'ಎರಡು' ಎಂಬುದಕ್ಕೆ ಮಾತೊರ್‌ನಲ್ಲಿ ಕಿದ್ದಿ, ಕಮಾಸ್‌ನಲ್ಲಿ ಶಿದೆ, ಅದೇ ಬಳಗದ ಉತ್ತರದ ಭಾಷೆ ನೆನೆಟ್ಸ್‌ನಲ್ಲಿ ಸಿದ್ಯ. ಮೊದಲ 'ಕ'ಕಾರ ಮಾತೊರ್‌ನಲ್ಲಿ ಉಳಿದಿದೆ, ಉಳಿದೆರಡರಲ್ಲಿ ಬದಲಾಗಿದೆ. ಹಾಗಾದರೆ ಈ ಬದಲಾವಣೆ ದಕ್ಷಿಣ-ಉತ್ತರದ ಗೆರೆಯನ್ನೇ ದಾಟಿದೆ. 'ಇ'ಕಾರಕ್ಕೆ ಮೊದಲು ಬರುವ 'ಕ' ಮೆತ್ತಗಾಗುವುದು ಎಲ್ಲಿ ಬೇಕಾದರೂ ಆಗುವಂಥದ್ದು, ಎರಡು ಕಡೆ ಬೇರೆಬೇರೆಯಾಗಿಯೂ ಆಗಬಹುದು. ಇನ್ನು 'ಕ' ಉಳಿದದ್ದು ಹತ್ತಿರದ ನಂಟಿಗೆ ಸಾಕ್ಷಿಯಲ್ಲ. ಹಳೆಯ 'ಪ'ವನ್ನು ಉಳಿಸಿಕೊಂಡವೆಂಬ ಒಂದೇ ಕಾರಣಕ್ಕೆ ತಮಿಳು, ತೆಲುಗು ಒಂದೇ ಕವಲು ಎನ್ನುತ್ತೀರಾ? ಜೊತೆಯಾಗಿ ಮಾಡಿಕೊಂಡ ಹೊಸ ಬದಲಾವಣೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ನಾನು ಈ ಕೆಲಸ ಕಲಿಯುವಾಗ 'ಉಳಿದದ್ದು', 'ಹೊಸದು' ಎಂದು ಎರಡು ಪಟ್ಟಿ ಇಲ್ಲದ ವಂಶವೃಕ್ಷವನ್ನು ಹಿರಿಯರು ನೋಡುತ್ತಲೂ ಇರಲಿಲ್ಲ.

"ಕರಗಾಸರು ಇಂದಿಗೂ ಈ ಭಾಷೆಯ ಒಂದು ರೂಪವನ್ನು ಆಡುತ್ತಾರೆ." ಪೂರ್ತಿ ತಪ್ಪು. ಮಾತೊರ್ 19ನೇ ಶತಮಾನದ ಮೊದಲ ಅರ್ಧದಲ್ಲೇ ಅಳಿಯಿತು. 18ನೇ ಶತಮಾನದ ಪದಪಟ್ಟಿಗಳ ಕರಗಾಸ್ ಮಾತೊರ್‌ನ ಒಂದು ಬಗೆ. ಆಮೇಲಿನ ಕರಗಾಸರು, ಅಂದರೆ ತೋಫಾ ಜನ, ಅವರ ನುಡಿ ತುರ್ಕಿಕ್, ಅಂದರೆ ಟರ್ಕಿಶ್ ಬಳಗದ್ದು. ಹೆಸರು ಉಳಿಯಿತು, ನುಡಿ ಬದಲಾಯಿತು. ಕೊಯ್ಬಾಲ್ ಹೆಸರಿನಲ್ಲೂ ಇದೇ ಗೋಜಲು: ಹಳೆಯದು ಕಮಾಸ್‌ಗೆ ಸೇರಿದ್ದು, ಈಚಿನದು ತುರ್ಕಿಕ್ ಬಳಗದ ಹಕಾಸ್‌ನ ಉಪಭಾಷೆ.

ತಿದ್ದುವುದು ಹೀಗೆ. ಪ್ರತಿ ಪದದ ಎದುರು ಬರೆದುಕೊಂಡವರ ಹೆಸರು (18ನೇ ಶತಮಾನದಲ್ಲಿ ಪದ ಕಲೆಹಾಕಿದ ಮ್ಯುಲ್ಲರೋ ಪಲ್ಲಾಸೋ), ವರ್ಷ, ಅವರದೇ ಕಾಗುಣಿತ ಹಾಕಿ. ಕಿವಿಗೆ ಬಿದ್ದಂತೆ ಬರೆದವು ಅವು, ಸ್ವರದ ಉದ್ದ ನಂಬುವಂತಿಲ್ಲ. ನೀವಾಗಿ ದೀರ್ಘ ಕೊಡಬೇಡಿ. ತುರ್ಕಿಕ್ ಎರವಲುಗಳನ್ನು ಮೊದಲೇ ಹೊಡೆದುಹಾಕಿ, ಹೋಲಿಕೆ ಆಮೇಲೆ. ವಂಶವೃಕ್ಷದ ಚಿತ್ರ ಬೇಡ, ಪದಗಳ ಕೋಷ್ಟಕ ಕಳಿಸಿ.