ಮುಂಬೈಯಲ್ಲಿ ಚಿಕ್ಕ ಕನ್ನಡ ಮ್ಯೂಸಿಕ್ ಲೇಬಲ್ ಶುರು ಮಾಡಲು ಸ್ಟುಡಿಯೋಗೆ ಎಷ್ಟು ದುಡ್ಡು ಬೇಕು?

ಸ್ಟುಡಿಯೋ ಲೆಕ್ಕ ಆಮೇಲೆ ನೋಡೋಣ. ನಮ್ಮ ಲೇಬಲ್ ಮುಳುಗಿದ್ದು ಒಂದು ಹಾಳೆಯಿಂದ.

1998ರಲ್ಲಿ ಮಾಟುಂಗದಲ್ಲಿ ನಾನು, ನನ್ನ ಸೋದರಮಾವ ಸೇರಿ ದಾಸರ ಪದಗಳ ಕ್ಯಾಸೆಟ್ ತರಲು ಶುರು ಮಾಡಿದೆವು. ಕ್ಯಾಸೆಟ್ ನಮ್ಮಂಥವರ ಕೈಗೂ ಎಟುಕುವ ವ್ಯಾಪಾರವಾಗಿತ್ತು. ಮಾಸ್ಟರ್ ಟೇಪ್ ಕೊಟ್ಟರೆ ಪ್ರತಿ ಮಾಡಿಕೊಡುವವರು ಸಿಗುತ್ತಿದ್ದರು. ಇನ್‌ಲೇ ಕಾರ್ಡೇ, ಅಂದರೆ ಕ್ಯಾಸೆಟ್ ಡಬ್ಬಿಯೊಳಗೆ ಇಡುವ ಅಚ್ಚಿನ ಕಾಗದವೇ, ದೊಡ್ಡ ತಲೆನೋವು. ಪ್ರೆಸ್‌ನವರಿಗೆ ಕನ್ನಡ ಬಾರದು, ಒತ್ತಕ್ಷರಗಳು ಎಲ್ಲೋ ಬಿದ್ದುಹೋಗುತ್ತಿದ್ದವು. ಮಾವ ಅಲ್ಲೇ ಸ್ಟೂಲ್ ಹಾಕಿಕೊಂಡು ಕೂತು ಒಂದೊಂದೇ ಸಾಲು ತಿದ್ದಿಸುತ್ತಿದ್ದರು. ಮಾಟುಂಗದಲ್ಲೇ ಇರುವ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್‌ನಲ್ಲಿ ಕಾರ್ಯಕ್ರಮ ಇದ್ದ ದಿನ ಬಾಗಿಲ ಹತ್ತಿರ ಮೇಜು ಹಾಕಿ ಮಾರುತ್ತಿದ್ದೆವು. ಚೆನ್ನಾಗಿಯೇ ಹೋಗುತ್ತಿತ್ತು.

ಈಗ ಆ ಹಾಳೆಯ ವಿಷಯ. ದಾಸರ ಸಾಹಿತ್ಯಕ್ಕೆ ಯಾರ ಅನುಮತಿಯೂ ಬೇಡ. ಆದರೆ ಹೊಸದಾಗಿ ಟ್ಯೂನ್ ಹಾಕಿದರೆ ಅದು ಹಾಕಿದವರದ್ದು. ರೆಕಾರ್ಡಿಂಗ್ ಹಕ್ಕು ಬೇರೆ, ಟ್ಯೂನ್ ಹಕ್ಕು ಬೇರೆ. ನಮ್ಮ ಸಂಗೀತಗಾರರು ಸ್ಟಾಂಪ್ ಪೇಪರ್ ಮೇಲೆ ‘ಹಕ್ಕು ಕೊಟ್ಟಿದ್ದೇನೆ’ ಅಂತ ಸಹಿ ಹಾಕಿದರು. ಎಷ್ಟು ವರ್ಷಕ್ಕೆ ಅಂತ ಯಾರೂ ಬರೆಯಲಿಲ್ಲ. ಬರೆಯದಿದ್ದರೆ ಶಾಶ್ವತ ಅಂದುಕೊಂಡಿದ್ದೆವು. ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಹೇಳುವುದು ಉಲ್ಟಾ: ಅವಧಿ ಬರೆಯದಿದ್ದರೆ 5 ವರ್ಷ, ಜಾಗ ಬರೆಯದಿದ್ದರೆ ಭಾರತ ಮಾತ್ರ. ನಾವು ಸಿ.ಡಿ. ತರಲು ಹೊರಟಾಗ ಆ 5 ವರ್ಷ ದಾಟಿತ್ತು. ಅಷ್ಟರಲ್ಲಿ ಅವರು ಅದೇ ಟ್ಯೂನ್‌ಗಳನ್ನು ಬೇರೆ ಕಂಪನಿಗೆ ಕೊಟ್ಟಿದ್ದರು. ಅವರದ್ದೇನೂ ತಪ್ಪಿಲ್ಲ, ಹಕ್ಕು ಅವರ ಕೈಗೆ ವಾಪಸ್ ಹೋಗಿತ್ತು. ರೆಕಾರ್ಡಿಂಗ್ ಮೇಲೆ ನಮಗೆ 60 ವರ್ಷದ ಹಕ್ಕಿತ್ತು, ಮಾಸ್ಟರ್ ಕಪಾಟಿನಲ್ಲೇ ಇತ್ತು. ಆದರೆ ಟ್ಯೂನ್ ನಮ್ಮದಲ್ಲ, ಹಾಗಾಗಿ ಒಂದು ಪ್ರತಿಯನ್ನೂ ತೆಗೆಯುವಂತಿರಲಿಲ್ಲ. ಮಾವನಿಗೆ ಆಮೇಲೆ ಉತ್ಸಾಹವೇ ಬರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನಿಸುತ್ತದೆ. ಸ್ಟುಡಿಯೋ ಕಟ್ಟಲೇಬೇಡಿ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ. ಆ ದುಡ್ಡಲ್ಲಿ ಕಾಪಿರೈಟ್ ಗೊತ್ತಿರುವ ವಕೀಲರನ್ನು ಹಿಡಿಯಿರಿ. ಅವಧಿ, ಸ್ಟ್ರೀಮಿಂಗ್, ಯೂಟ್ಯೂಬ್ ಎಲ್ಲವನ್ನೂ ಹೆಸರು ಹೇಳಿ ಬರೆಸಿ. ‘ಜಗತ್ತಿನಾದ್ಯಂತ’ ಅನ್ನುವ ಮಾತು ಬಿಡಬೇಡಿ, ದುಬೈಯಲ್ಲೂ ಕೇಳುವವರಿದ್ದಾರೆ ಅಲ್ವಾ? ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿಯ ನಂತರ ಸಾಹಿತ್ಯ, ಸಂಗೀತ ಮಾಡಿದವರ ರಾಯಲ್ಟಿ ಪಾಲನ್ನು ಲೇಬಲ್ ಹೆಸರಿಗೆ ಬರೆಸಿಕೊಳ್ಳಲು ಆಗುವುದಿಲ್ಲ. ಅದು ನ್ಯಾಯವೇ, ಮನಸಾರೆ ಕೊಡಿ. ಇನ್ನು ಸಹಿ ಆಗುವ ತನಕ ಯಾರನ್ನೂ ಮೈಕ್ ಮುಂದೆ ಕೂರಿಸಬೇಡಿ, ಸ್ವಂತ ಅತ್ತೆಯೇ ಹಾಡುವುದಾದರೂ.